ಕಾನಿನೊಳಗೆ ಒಂದು ದಿನದ ಪಾಠ

(ಶಿಕ್ಷಕರಿಗೆ, ಮಕ್ಕಳ ಸಂಘಗಳ ಮಾರ್ಗದರ್ಶಕರಿಗೆ ಹಾಗೂ ಸ್ವಸಹಾಯ ಸಂಘದ ತಾಯಂದಿರಿಗೆ)



ನಮ್ಮ ಘಟ್ಟದ ಊರುಗಳಲ್ಲಿ ವರ್ಷಕ್ಕೆ 100 ಇಂಚಿಗೂ ಹೆಚ್ಚು ಮಳೆ ಸುರಿಯುತ್ತದೆ. ಆದರೂ ಏಪ್ರಿಲ್ ಬಂತೆಂದರೆ ಎಷ್ಟೋ ಕೇರಿಗಳಲ್ಲಿ ಬಾವಿಯ ತಳ ಕಾಣುತ್ತದೆ. ಕೊಡ ಸಾಲಾಗಿ ಇಟ್ಟು ಟ್ಯಾಂಕರ್ ಕಾಯುವ ಕೆಲಸ ಶುರುವಾಗುತ್ತದೆ. ಅದೇ ಬೇಸಿಗೆಯಲ್ಲಿ, ಅದೇ ಪಂಚಾಯತಿಯ ಇನ್ನೊಂದು ಕೇರಿಯ ಹಳ್ಳದಲ್ಲಿ ಸಣ್ಣ ಧಾರೆಯಾದರೂ ಹರಿಯುತ್ತಾ ಇರುವುದುಂಟು. ಅಂಥ ಹಳ್ಳದ ಗುಂಟ ಮೇಲೆ ಹತ್ತಿ ನೋಡಿ. ಬಹಳ ಕಡೆ ಅಲ್ಲೊಂದು ಕಾನು ಇರುತ್ತದೆ.

ಈ ನಂಟು ನಮ್ಮ ಅಜ್ಜ ಅಜ್ಜಿಯರಿಗೆ ಗೊತ್ತಿತ್ತು. ಮಕ್ಕಳಿಗೆ ಗೊತ್ತಿದೆಯೇ? 'ಹೊಂದಾಣಿಕೆ ಎಂದರೇನು? ಉದಾಹರಣೆ ಕೊಡಿ' ಎಂದು ಪರೀಕ್ಷೆಯಲ್ಲಿ ಕೇಳಿದರೆ ಮಕ್ಕಳು ಮರುಭೂಮಿಯ ಒಂಟೆ, ಮಂಜಿನ ನಾಡಿನ ಹಿಮಕರಡಿ ಎಂದು ಚೆನ್ನಾಗಿಯೇ ಬರೆಯುತ್ತಾರೆ, ಅಂಕವನ್ನೂ ಪಡೆಯುತ್ತಾರೆ. ಆದರೆ ಮನೆ ಹಿಂದಿನ ಹಳ್ಳದಲ್ಲಿ ನಿಂತ ರಾಮಪತ್ರೆ ಮರದ ಬೇರು ಮಣ್ಣಿನಿಂದ ಯಾಕೆ ಮೇಲೆದ್ದಿದೆ ಎಂದು ಕೇಳಿ ನೋಡಿ. ಒಂಟೆಯನ್ನು ಕಣ್ಣಾರೆ ಕಾಣದ ಮಗುವಿಗೆ ಒಂಟೆ ಗೊತ್ತು, ದಿನಾ ಕಾಣುವ ಮರ ಗೊತ್ತಿಲ್ಲ. ಈ ಕೊರತೆ ತುಂಬಲು ಒಂದು ದಿನದ ಹೊರಪಾಠವನ್ನು ಹೇಗೆ ಮಾಡಬಹುದು ಎಂಬುದನ್ನು ಈ ಸಂಚಿಕೆಯಲ್ಲಿ ನೋಡೋಣ. 5ರಿಂದ 9ನೇ ತರಗತಿಯವರೆಗಿನ ಮಕ್ಕಳಿಗೆ ಇದು ಹೊಂದುತ್ತದೆ.

ಕಾನು ಎಂದರೆ ಯಾವುದು?

ಶಿರಸಿ, ಸಿದ್ದಾಪುರ, ಸಾಗರ, ಸೊರಬದ ಕಡೆ ವರ್ಷವಿಡೀ ಹಸಿರಾಗಿರುವ ದಟ್ಟ ಕಾಡಿನ ತುಂಡಿಗೆ ಕಾನು ಎನ್ನುತ್ತೇವೆ. ಒಳಗೆ ಕಾಲಿಟ್ಟರೆ ತಂಪು, ನಡು ಮಧ್ಯಾಹ್ನವೂ ಮಬ್ಬು. ಕಾಳುಮೆಣಸು, ಉಪ್ಪಾಗೆ, ಮುರುಗಲು, ಬೈನೆ, ಬೆತ್ತ, ಹೆಬ್ಬಲಸು ಇವೆಲ್ಲ ಕಾನಿನ ಸಂಪತ್ತು. ಹಿಂದಿನವರು ಇದನ್ನು ಕಾಡೆಂದಷ್ಟೇ ಅಲ್ಲ, ಊರಿನ ಉಗ್ರಾಣವೆಂದೂ ನೋಡಿದರು. ಎಷ್ಟೋ ಕಾನುಗಳಲ್ಲಿ ದೇವರ ಸ್ಥಾನವಿದೆ. ಆ ಭಯಭಕ್ತಿಯಿಂದಲೇ ಮರಗಳು ಉಳಿದವು.

ಯುನೆಸ್ಕೊ 2012ರಲ್ಲಿ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅವುಗಳಲ್ಲಿ 10 ಕರ್ನಾಟಕದಲ್ಲಿವೆ. ಆದರೆ ಶಾಲೆಯ ಪಕ್ಕದ ಎರಡೆಕರೆ ಕಾನು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಅದು ಇರಬೇಕಾದ್ದು ಊರಿನವರ ಮನಸ್ಸಿನಲ್ಲಿ.

ಪಾಠದ ಉದ್ದೇಶ

ಗಿಡಮರಗಳ ಹೆಸರು ಬಾಯಿಪಾಠ ಮಾಡಿಸುವುದು ನಮ್ಮ ಉದ್ದೇಶವಲ್ಲ. ಮಕ್ಕಳು ಎರಡು ಸಂಗತಿ ಕಂಡುಕೊಳ್ಳಬೇಕು. ಒಂದು, ಪ್ರತಿ ಜೀವಿಯೂ ತಾನಿರುವ ಜಾಗಕ್ಕೆ ತಕ್ಕ ಹಾಗೆ ಬಹಳ ಕಾಲದಿಂದ ರೂಪುಗೊಂಡಿದೆ. ಎರಡು, ಹಾಗಿರುವುದರಿಂದಲೇ ಆ ಜಾಗ ಕೆಟ್ಟರೆ ಅದಕ್ಕೆ ಬೇರೆ ಊರಿಲ್ಲ. ಎರಡನೆಯದು ತಿಳಿದರೆ ಕಾಡು ಉಳಿಸಬೇಕು ಎಂದು ಬೇರೆ ಭಾಷಣ ಮಾಡಬೇಕಾಗಿಲ್ಲ.

ಹೊರಡುವ ಮೊದಲು

ಕಾಲ: ಮಳೆ ನಿಂತು ನೆಲ ಇನ್ನೂ ಹಸಿಯಿರುವ ಅಕ್ಟೋಬರ್, ನವೆಂಬರ್ ಒಳ್ಳೆಯದು. ಡಿಸೆಂಬರ್‌ನಿಂದ ಮೇ ತನಕ ನಮ್ಮ ಕಡೆ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಗುರುತಿಸಿದ ಈ ರೋಗ ಉಣುಗು ಕಚ್ಚುವುದರಿಂದ ಬರುತ್ತದೆ. ಆ ತಿಂಗಳುಗಳಲ್ಲಿ ಮಕ್ಕಳನ್ನು ಕಾಡಿಗೆ ಕರೆದೊಯ್ಯಬೇಡಿ. ಬೇರೆ ತಿಂಗಳಲ್ಲೂ ಹೊರಡುವ ಮುನ್ನ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಕೂಡಲೇ ಅಲ್ಲಿಗೆ ತಿಳಿಸಿ.

ಒಪ್ಪಿಗೆ: ಅರಣ್ಯ ಇಲಾಖೆಯ ಜಾಗವಾದರೆ ವಲಯ ಅರಣ್ಯಾಧಿಕಾರಿಯವರ ಅನುಮತಿ ಬೇಕು. ದೇವರ ಕಾನಾದರೆ ನಡೆಸಿಕೊಂಡು ಬಂದ ಮನೆಯವರನ್ನು ಕೇಳಿ. ಸ್ಥಾನದ ಸುತ್ತಲಿನ ಒಂದು ಕಡ್ಡಿಯನ್ನೂ ಮುಟ್ಟಬೇಡಿ. ನಮ್ಮ ಮಕ್ಕಳು ಯಾವ ಧರ್ಮದವರೇ ಆಗಿರಲಿ, ಇನ್ನೊಬ್ಬರ ಭಕ್ತಿಗೆ ಗೌರವ ಕೊಡುವುದು ಅವತ್ತಿನ ಮೊದಲ ಪಾಠ. ತಂದೆತಾಯಿಯರ ಒಪ್ಪಿಗೆ ಪತ್ರವೂ ಇರಲಿ.

ಸುರಕ್ಷತೆ: ಉದ್ದ ತೋಳಿನ ಅಂಗಿ, ಉದ್ದ ಪ್ಯಾಂಟು, ಮುಚ್ಚಿದ ಪಾದರಕ್ಷೆ. ಇಂಬಳಕ್ಕೆ ಉಪ್ಪಿನ ಗಂಟು. ಹತ್ತು ಮಕ್ಕಳಿಗೆ ಒಬ್ಬರಾದರೂ ದೊಡ್ಡವರು. ಕಲ್ಲಿನ ಸಂದಿ, ಪೊಟರೆ, ಹುತ್ತದೊಳಗೆ ಕೈ ಹಾಕಬಾರದು. ಎಲೆ ಕಿತ್ತು ಹಿಸುಕಬಾರದು. ಹೊಲಗೇರಿನ ಸೊನೆ ತಾಗಿದರೆ ಮೈ ಸುಟ್ಟು ಬೊಕ್ಕೆ ಏಳುತ್ತದೆ. ಹಾವು ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಮಾಡದೆ, ಕಚ್ಚಿದ ಅಂಗ ಅಲ್ಲಾಡದಂತೆ ಇಟ್ಟು 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸಾಗಿಸಿ. ಮನೆಗೆ ಬಂದ ಮೇಲೆ ಬಿಸಿನೀರು ಸ್ನಾನ, ಬಟ್ಟೆ ಒಗೆಯುವುದು, ಮೈಯಲ್ಲಿ ಉಣುಗು ಹತ್ತಿದೆಯೇ ಎಂದು ನೋಡುವುದು ಕಡ್ಡಾಯ.

ಬೇಕಾಗುವ ಸಾಮಾನು: 40 ಮೀಟರ್ ಹಗ್ಗ, ನಾಲ್ಕು ಗೂಟ, ಅಳತೆ ಟೇಪು, ನೋಟ್‌ಬುಕ್, ಪೆನ್ಸಿಲ್, ಎರಡೂ ಕಡೆ ಮುಚ್ಚಳ ಕತ್ತರಿಸಿದ ಹಾಲಿನ ಪುಡಿ ಡಬ್ಬ, ಒಂದು ಲೀಟರ್ ನೀರಿನ ಬಾಟಲಿಗಳು, ಸೆಕೆಂಡ್ ಮುಳ್ಳಿರುವ ಗಡಿಯಾರ, ಬಿಳಿ ಬಟ್ಟೆ. ಇಷ್ಟೇ. ದುಬಾರಿಯದ್ದು ಏನೂ ಬೇಡ.

ಚಟುವಟಿಕೆ 1: ಹಗ್ಗದ ಚೌಕ

ಕಾನಿನೊಳಗೆ ಗೂಟ ನೆಟ್ಟು 10 ಮೀಟರ್ ಉದ್ದ, 10 ಮೀಟರ್ ಅಗಲದ ಚೌಕ ಮಾಡಿ. ಮಕ್ಕಳನ್ನು ನಾಲ್ಕು ಗುಂಪು ಮಾಡಿ. ಒಂದು ಗುಂಪು ದೊಡ್ಡ ಮರಗಳನ್ನು ಎಣಿಸಿ, ನೆಲದಿಂದ 130 ಸೆಂಟಿಮೀಟರ್ ಎತ್ತರದಲ್ಲಿ ಸುತ್ತಳತೆ ಅಳೆಯಲಿ. ಇನ್ನೊಂದು ಗುಂಪು ಬಳ್ಳಿಗಳನ್ನು, ಮೂರನೆಯದು ನೆಲದ ಸಸಿಗಳನ್ನು, ನಾಲ್ಕನೆಯದು ಹುಳು, ಹಕ್ಕಿ, ಜೇಡ, ಅಣಬೆಗಳನ್ನು ನೋಡಲಿ.

ಹೆಸರು ಗೊತ್ತಿಲ್ಲದಿದ್ದರೆ ಚಿಂತೆಯಿಲ್ಲ. 'ಕೆಂಪು ಚಿಗುರಿನದು', 'ತೊಗಟೆ ಸುಲಿಯುವುದು' ಎಂದು ಗುರುತು ಹಾಕಿಕೊಳ್ಳಲಿ. ಒಟ್ಟು ಎಷ್ಟು ಮರ ಎನ್ನುವುದಕ್ಕಿಂತ ಎಷ್ಟು ಬಗೆ ಎನ್ನುವುದು ಮುಖ್ಯ.

ನಂತರ ಹತ್ತಿರದ ಅಕೇಶಿಯಾ ನೆಡುತೋಪಿನಲ್ಲಿ ಇಷ್ಟೇ ದೊಡ್ಡ ಚೌಕ ಹಾಕಿ. ಅಲ್ಲಿ ಮರಗಳ ಸಂಖ್ಯೆ ಕಡಿಮೆ ಇರಲಿಕ್ಕಿಲ್ಲ. ಆದರೆ ಬಗೆ? ಎರಡೂ ಪಟ್ಟಿಯನ್ನು ಅಕ್ಕಪಕ್ಕ ಇಟ್ಟಾಗ 'ಜೀವವೈವಿಧ್ಯ' ಎಂಬ ದೊಡ್ಡ ಶಬ್ದದ ಅರ್ಥ ಮಕ್ಕಳಿಗೆ ತಾನಾಗಿಯೇ ಆಗುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಅಕೇಶಿಯಾ ಕೆಟ್ಟ ಮರ ಎಂದು ಹೇಳಿಕೊಡಬೇಡಿ. ಅದರ ಮೂಲ ಆಸ್ಟ್ರೇಲಿಯಾ, ಪಾಪುವಾ ನ್ಯೂಗಿನಿಯ ಕಡೆ. ನಾವು ಎಲೆ ಎಂದುಕೊಂಡಿರುವುದು ನಿಜವಾಗಿ ಎಲೆಯಲ್ಲ, ಚಪ್ಪಟೆಯಾದ ಎಲೆತೊಟ್ಟು. ಮರದ ಬುಡದಲ್ಲಿ ಈಗಷ್ಟೇ ಹುಟ್ಟಿದ ಸಸಿ ಹುಡುಕಿದರೆ ಅದರಲ್ಲಿ ನಾಚಿಕೆಮುಳ್ಳಿನಂತೆ ಬಿಡಿಬಿಡಿಯಾದ ನಿಜವಾದ ಎಲೆ ಕಾಣುತ್ತದೆ. ಬಿಸಿಲಿನಲ್ಲಿ ನೀರು ಉಳಿಸಿಕೊಳ್ಳಲು ಅದು ಮಾಡಿಕೊಂಡ ಉಪಾಯ ಇದು. ನಮ್ಮಲ್ಲಿ ಬೇಗ ಬೆಳೆದು ಬಡವರ ಒಲೆಗೆ ಸೌದೆ ಕೊಟ್ಟಿದೆ. ಆದರೆ ನಮ್ಮ ಕಾನು ಮಾಡುವ ಎಲ್ಲ ಕೆಲಸವನ್ನು ಅದೊಂದೇ ಮಾಡಲಾರದು.

ಚಟುವಟಿಕೆ 2: 'ಯಾಕೆ ಹೀಗೆ?'

ಈಗ ಮಕ್ಕಳು ಕಂಡದ್ದಕ್ಕೆಲ್ಲ 'ಯಾಕೆ ಹೀಗೆ?' ಎಂದು ಕೇಳಬೇಕು. ಉತ್ತರ ಮೊದಲು ಅವರೇ ಊಹಿಸಲಿ. ಸಾಮಾನ್ಯವಾಗಿ ಕಾಣಸಿಗುವ ಕೆಲವು ಉದಾಹರಣೆಗಳು ಇಲ್ಲಿವೆ.

• ಎಲೆಯ ಚೂಪು ತುದಿ: ಕಾನಿನ ಎಷ್ಟೋ ಮರಗಳ ಎಲೆ ನುಣುಪು, ತುದಿ ಬಾಲದಂತೆ ಉದ್ದ. ಒಂದು ಎಲೆಯ ಮೇಲೆ ನೀರು ಹನಿಸಿ ನೋಡಿ. ನೀರು ನಿಲ್ಲದೆ ತುದಿಯಿಂದ ಇಳಿದುಹೋಗುತ್ತದೆ. ತಿಂಗಳುಗಟ್ಟಲೆ ಮಳೆ ಹೊಡೆಯುವಲ್ಲಿ ಎಲೆ ಬೇಗ ಒಣಗಬೇಕು, ಇಲ್ಲದಿದ್ದರೆ ಪಾಚಿ ಹಿಡಿಯುತ್ತದೆ.

• ಹಲಗೆ ಬೇರು: ದೊಡ್ಡ ಮರಗಳ ಬುಡದಲ್ಲಿ ಗೋಡೆಯಂತೆ ಎದ್ದ ಬೇರು. ಮೇಲ್ಮಣ್ಣು ತೆಳುವಾಗಿರುವಲ್ಲಿ ಎತ್ತರದ ಮರ ಗಾಳಿಗೆ ಬೀಳದಂತೆ ಇದು ಆಸರೆ.

• ಬೆತ್ತದ ಮುಳ್ಳು: ಬೆತ್ತಕ್ಕೆ ಸ್ವಂತ ಬಲದಲ್ಲಿ ನೆಟ್ಟಗೆ ನಿಲ್ಲುವ ಶಕ್ತಿಯಿಲ್ಲ. ಕೊಕ್ಕೆಮುಳ್ಳಿನ ಬಾರುಕೋಲು ಚಾಚಿ ಬೇರೆ ಮರ ಹಿಡಿದು ಬೆಳಕಿಗೆ ಹತ್ತುತ್ತದೆ. ಕಾಳುಮೆಣಸಿನ ಬಳ್ಳಿ ಗೆಣ್ಣಿನ ಬೇರಿನಿಂದ ಅಂಟಿಕೊಂಡು ಹತ್ತುತ್ತದೆ. ಕೆಲಸ ಒಂದೇ, ಉಪಾಯ ಎರಡು.

• ಚಗಳಿ ಗೂಡು: ಎಲೆಗಳನ್ನು ಹೊಲಿದಂತೆ ಕಾಣುವ ಗೂಡು. ದೊಡ್ಡ ಇರುವೆಗಳು ಎಲೆಯಂಚನ್ನು ಎಳೆದು ಹಿಡಿದಾಗ, ಇನ್ನು ಕೆಲವು ತಮ್ಮ ಮರಿಹುಳುಗಳನ್ನು ಬಾಯಲ್ಲಿ ಕಚ್ಚಿಕೊಂಡು ಅವುಗಳಿಂದ ಬರುವ ರೇಷ್ಮೆಯಿಂದ ಅಂಚು ಕೂಡಿಸುತ್ತವೆ. ದೂರದಿಂದಲೇ ನೋಡಿ!

• ಹಾರುವ ಓತಿ: ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಓದಿದವರಿಗೆ ಇದು ಪರಿಚಿತ. ಅಡಿಕೆ ತೋಟದಲ್ಲೂ ಸಿಗುತ್ತದೆ. ಪಕ್ಕೆಲುಬುಗಳು ಉದ್ದವಾಗಿ, ಅವುಗಳ ನಡುವಿನ ಚರ್ಮ ಕೊಡೆಯಂತೆ ಬಿಚ್ಚಿಕೊಳ್ಳುತ್ತದೆ. ಮರದಿಂದ ಮರಕ್ಕೆ ತೇಲುತ್ತದೆ, ನೆಲಕ್ಕೆ ಇಳಿಯುವುದು ಅಪರೂಪ. ಮರಗಳ ನಡುವೆ ದೊಡ್ಡ ಬಯಲು ಬಂದರೆ ಅದರ ದಾರಿಯೇ ಕಡಿದಂತೆ.

• ಮಂಗಟ್ಟೆ: ಹೆಣ್ಣು ಹಕ್ಕಿ ಮರದ ಪೊಟರೆಯೊಳಗೆ ಕೂತು ಬಾಗಿಲು ಮುಚ್ಚಿಕೊಳ್ಳುತ್ತದೆ. ಸಣ್ಣ ಸೀಳಿನ ಮೂಲಕ ಗಂಡು ಹಣ್ಣು ತಂದು ಉಣಿಸುತ್ತದೆ. ಹಳೆಯ ದೊಡ್ಡ ಮರವಿಲ್ಲದಿದ್ದರೆ ಪೊಟರೆಯಿಲ್ಲ, ಪೊಟರೆಯಿಲ್ಲದಿದ್ದರೆ ಮರಿಯಿಲ್ಲ. ಅದು ತಿಂದ ಹಣ್ಣಿನ ಬೀಜ ದೂರ ಹೋಗಿ ಬೀಳುತ್ತದೆ. ಮರ ಹಕ್ಕಿಯನ್ನು ಸಾಕುತ್ತದೆ, ಹಕ್ಕಿ ಮರವನ್ನು ನೆಡುತ್ತದೆ.

ಪ್ರತಿ ಮಗುವೂ ಒಂದು ಜೀವಿಯನ್ನು ಆರಿಸಿಕೊಂಡು ಚಿತ್ರ ಬರೆದು, ಕೆಳಗೆ ಎರಡು ಸಾಲು ಬರೆಯಲಿ: ಇದು ಇಲ್ಲಿ ಬದುಕುವುದು ಹೇಗೆ? ಇದಕ್ಕೆ ಯಾರ ಸಹಾಯ ಬೇಕು?

ಚಟುವಟಿಕೆ 3: ಉಸಿರಾಡುವ ಬೇರು

ನಿಮ್ಮ ಹತ್ತಿರ ರಾಮಪತ್ರೆ ಜಡ್ಡಿ ಇದ್ದರೆ ಅದೃಷ್ಟವಂತರು. ಹಳ್ಳದ ನೀರು ವರ್ಷವಿಡೀ ನಿಧಾನ ಹರಿಯುವ ಜೌಗು ನೆಲ ಇದು. ಸಿದ್ದಾಪುರ ತಾಲೂಕಿನ ಕತ್ತಲೆಕಾನಿನ ಜಡ್ಡಿ ಹೆಸರಾದದ್ದು. ಅಲ್ಲಿ ಕಂಡ ಗೇರು ಜಾತಿಗೆ ಸೇರಿದ ಒಂದು ಮರವನ್ನು ವಿಜ್ಞಾನಿಗಳು 2000ದಲ್ಲಿ ಹೊಸ ಪ್ರಭೇದವೆಂದು ವಿವರಿಸಿ, ಕತ್ತಲೆಕಾನಿನ ಹೆಸರನ್ನೇ ಇಟ್ಟರು. ಅಲ್ಲಿನ ಹಳ್ಳದ ಕಪ್ಪೆಯೊಂದಕ್ಕೆ 2014ರಲ್ಲಿ ಕುಂಬಾರ ಕಪ್ಪೆ ಎಂಬ ಹೆಸರು ಬಂತು. ಗಂಡು ಕಪ್ಪೆ ಕೈಯಿಂದ ಕೆಸರು ಎತ್ತಿ ಮೊಟ್ಟೆಗಳಿಗೆ ಮೆತ್ತುತ್ತದೆ, ಕುಂಬಾರ ಮಡಕೆಗೆ ಮಣ್ಣು ಮೆತ್ತಿದ ಹಾಗೆ. ಸಿಂಗಳೀಕಗಳ ರಕ್ಷಣೆಗಾಗಿ ಈ ಭಾಗದ ಕಾಡನ್ನು 2011ರಲ್ಲಿ ಅಘನಾಶಿನಿ ಸಂರಕ್ಷಿತ ಮೀಸಲು ಪ್ರದೇಶವೆಂದು ಘೋಷಿಸಲಾಯಿತು.

ಇಲ್ಲಿ ಮಕ್ಕಳು ತಪ್ಪದೆ ಕೇಳುವ ಪ್ರಶ್ನೆ, 'ಟೀಚರ್, ಬೇರು ಯಾಕೆ ಮೊಣಕಾಲು ಮಡಚಿದ ಹಾಗೆ ಮೇಲೆ ಬಂದಿದೆ?' ಒಣ ನೆಲದ ಮಣ್ಣಿನ ಕಣಗಳ ನಡುವೆ ಗಾಳಿ ಇರುತ್ತದೆ, ಬೇರು ಉಸಿರಾಡುತ್ತದೆ. ಜೌಗಿನಲ್ಲಿ ಆ ಜಾಗವನ್ನೆಲ್ಲ ನೀರು ತುಂಬಿಕೊಂಡಿದೆ. ಹಾಗಾಗಿ ಬೇರು ಮೇಲೆ ಬಂದು ಗಾಳಿ ತೆಗೆದುಕೊಂಡು ಮತ್ತೆ ಕೆಳಗೆ ಹೋಗುತ್ತದೆ. ಇನ್ನೊಂದು ಬಗೆಯ ರಾಮಪತ್ರೆ ಕಾಂಡದಿಂದ ಊರುಗೋಲಿನಂಥ ಬೇರು ಇಳಿಸಿ ಮೆತ್ತನೆ ಕೆಸರಿನಲ್ಲಿ ನಿಂತುಕೊಳ್ಳುತ್ತದೆ.

ಈ ಮರಗಳ ಬೀಜ ದೊಡ್ಡದು. ಒಣಗಿದರೆ ಮೊಳಕೆಯ ಶಕ್ತಿ ಬೇಗ ಕಳೆದುಕೊಳ್ಳುತ್ತದೆ, ಭತ್ತದ ಹಾಗೆ ಕಣಜದಲ್ಲಿಟ್ಟು ಮುಂದೆ ಬಿತ್ತಲು ಬರುವುದಿಲ್ಲ. ಒಮ್ಮೆ ಕಾಲುವೆ ತೋಡಿ ಜಡ್ಡಿ ಒಣಗಿಸಿದರೆ ಮರವೂ ಹೋಯಿತು, ಮರಿಯೂ ಹೋಯಿತು, ಕುಂಬಾರ ಕಪ್ಪೆಯಂಥದ್ದರ ಮನೆಯೂ ಹೋಯಿತು. ನೀರಿಗೆ ಇಷ್ಟು ಚೆನ್ನಾಗಿ ಹೊಂದಿಕೊಂಡದ್ದೇ ನೀರಿಲ್ಲದಾಗ ಅವುಗಳಿಗೆ ಮುಳುವಾಗುತ್ತದೆ.

ಆಗ ಯಾರಾದರೂ ಒಂದು ಮಗು ಕೇಳಬಹುದು: 'ನಮ್ಮ ತೋಟ ಮಾಡಿದ್ದೂ ಜಡ್ಡಿ ಒಣಗಿಸಿಯೇ ಅಂತೆ. ಅದು ತಪ್ಪಾ?' ಈ ಪ್ರಶ್ನೆಯನ್ನು ತಳ್ಳಿಹಾಕಬೇಡಿ. ಹಿಂದೆ ಬಹಳಷ್ಟು ಜೌಗು ನೆಲ ಗದ್ದೆಯೂ ತೋಟವೂ ಆದದ್ದು ನಿಜ. ಹೊಟ್ಟೆಪಾಡಿಗಾಗಿ ದುಡಿದ ಹಿರಿಯರನ್ನು ಮಕ್ಕಳ ಮುಂದೆ ಅಪರಾಧಿ ಮಾಡುವುದು ನ್ಯಾಯವಲ್ಲ. ಆ ತೋಟವೇ ಮಗುವಿನ ಶಾಲೆಯ ಖರ್ಚನ್ನೂ ಕೊಟ್ಟಿದೆ. ಹೀಗೆ ಹೇಳೋಣ: 'ಅಜ್ಜ ತೋಟ ಮಾಡಿದಾಗ ಜಡ್ಡಿ ಬೇಕಾದಷ್ಟಿತ್ತು. ಈಗ ಉಳಿದಿರುವುದು ಸ್ವಲ್ಪ. ತೋಟಕ್ಕೆ ಬರುವ ನೀರೂ ಅಲ್ಲಿಂದಲೇ. ಉಳಿದದ್ದನ್ನು ಏನು ಮಾಡಬೇಕು ಎನ್ನುವುದು ನಮ್ಮ ಕಾಲದ ಪ್ರಶ್ನೆ.'

ಚಟುವಟಿಕೆ 4: ನೀರು ಕುಡಿಯುವ ನೆಲ

ಎರಡೂ ಕಡೆ ಬಾಯಿರುವ ಡಬ್ಬವನ್ನು ಎರಡು ಇಂಚು ನೆಲಕ್ಕೆ ಒತ್ತಿ. ಅರ್ಧ ಲೀಟರ್ ನೀರು ಹುಯ್ದು, ಅದು ಪೂರ್ತಿ ಇಂಗಲು ಎಷ್ಟು ಹೊತ್ತು ಬೇಕು ಎಂದು ಬರೆದುಕೊಳ್ಳಿ. ಇದನ್ನೇ ಕಾನಿನಲ್ಲಿ, ನೆಡುತೋಪಿನಲ್ಲಿ, ಶಾಲೆಯ ಆಟದ ಮೈದಾನದಲ್ಲಿ ಮಾಡಿ. ಜೌಗು ನೆಲದಲ್ಲಿ ಬೇಡ, ಅಲ್ಲಿ ಮಣ್ಣು ಮೊದಲೇ ನೀರು ತುಂಬಿಕೊಂಡಿರುತ್ತದೆ. ಪ್ರತಿ ಕಡೆ ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. ಫಲಿತಾಂಶ ಮೊದಲೇ ಹೇಳಬೇಡಿ. ತಾವೇ ಅಳೆದದ್ದನ್ನು ಮಕ್ಕಳು ಮರೆಯುವುದಿಲ್ಲ.

ತುಳಿದು ಗಟ್ಟಿಯಾದ ಮೈದಾನದಲ್ಲಿ ನೀರು ಬಹಳ ಹೊತ್ತು ಹಾಗೇ ನಿಂತಿರುತ್ತದೆ. ಕಾನಿನ ನೆಲ ಬೇಗ ಹೀರಿಕೊಳ್ಳುತ್ತದೆ. ಯಾಕೆ? ಉತ್ತರ ತರಗೆಲೆಯಲ್ಲಿದೆ, ಅಂದರೆ ನಮ್ಮ ದರಕಿನಲ್ಲಿ. ಒಂದು ಬೊಗಸೆ ಹಸಿ ದರಕನ್ನು ಕಡ್ಡಿಯಿಂದ ಎತ್ತಿ ಬಿಳಿ ಬಟ್ಟೆಯ ಮೇಲೆ ಹರಡಿ. ಸಹಸ್ರಪದಿ, ಗೆದ್ದಲು, ಸಣ್ಣ ಜೇಡ, ಎರೆಹುಳು, ಬಸವನಹುಳು ಕಾಣುತ್ತವೆ. ಮೇಲಿನ ಎಲೆ ಪೂರ್ತಿಯಾಗಿದೆ, ಅದರ ಕೆಳಗಿನದು ಜಾಲರಿಯಾಗಿದೆ, ಅದಕ್ಕೂ ಕೆಳಗಿನದು ಕಪ್ಪು ಮಣ್ಣಾಗಿದೆ. ಎಲೆಯನ್ನು ಮಣ್ಣು ಮಾಡುವವರು ಈ ಪುಟ್ಟ ಕೂಲಿಯಾಳುಗಳೇ. ಅವು ಕೊರೆದ ರಂಧ್ರ, ಬೇರು ಮಾಡಿದ ದಾರಿ, ಸ್ಪಂಜಿನಂಥ ಗೊಬ್ಬರ ಇವೆಲ್ಲ ಸೇರಿ ಮಳೆಯನ್ನು ಒಳಗೆ ಬಿಟ್ಟುಕೊಳ್ಳುತ್ತವೆ. ಜುಲೈಯಲ್ಲಿ ಒಳಗೆ ಹೋದ ನೀರೇ ಬೇಸಿಗೆಯಲ್ಲಿ ಹಳ್ಳವಾಗಿ, ಬಾವಿಯ ಒರತೆಯಾಗಿ ಬರುವುದು. ನೋಡಿದ ಮೇಲೆ ಜೀವಿಗಳ ಸಮೇತ ದರಕನ್ನು ಮೊದಲಿನ ಜಾಗದಲ್ಲೇ ಬಿಡಿ.

ತಾಯಂದಿರಿಗೆ ಇಲ್ಲೊಂದು ಮಾತು. ಕೊಟ್ಟಿಗೆಗೆ, ತೋಟಕ್ಕೆ ದರಕು ಬೇಕೇ ಬೇಕು, ನಮಗೆ ಗೊತ್ತು. ಒಂದೇ ಜಾಗದಲ್ಲಿ ವರ್ಷವೂ ನೆಲ ಕಾಣುವಂತೆ ಗುಡಿಸುವ ಬದಲು ಜಾಗ ಬದಲಿಸಿ, ಹಳ್ಳದ ದಂಡೆಯದನ್ನು ಮುಟ್ಟದೆ ಬಿಟ್ಟರೆ ಎರಡೂ ಕೆಲಸ ಸಾಗುತ್ತದೆ. ಸಂಘದ ವಾರದ ಸಭೆಯಲ್ಲಿ ಇದನ್ನು ಮಾತಾಡಿ ತೀರ್ಮಾನಿಸಬಹುದು.

ಹಿಂದಿರುಗಿದ ಮೇಲೆ

ಮಕ್ಕಳು ತಮ್ಮ ಪಟ್ಟಿ ಹಿಡಿದು ಊರಿನ ಹಿರಿಯರ ಹತ್ತಿರ ಹೋಗಲಿ. ಹೆಸರು ಸಿಗದ ಗಿಡಕ್ಕೆ ಅಲ್ಲಿ ಹೆಸರು ಸಿಗುತ್ತದೆ. ಉಪ್ಪಾಗೆ ಯಾವಾಗ ಹಣ್ಣಾಗುತ್ತದೆ, ಯಾವ ಸೊಪ್ಪು ಬಾಣಂತಿಗೆ, ಮೊದಲು ಯಾವ ಹಕ್ಕಿ ಹೆಚ್ಚಿತ್ತು ಎಂದು ಬರೆದುಕೊಳ್ಳಲಿ. ಇದನ್ನು ಹೇಳಬಲ್ಲ ಅಜ್ಜಿಯರು ಪ್ರತಿ ವರ್ಷ ಕಡಿಮೆಯಾಗುತ್ತಿದ್ದಾರೆ. ಆದರೆ ಔಷಧಿಯ ಮಾತು ಬರವಣಿಗೆಗೆ ಮಾತ್ರ, ಮಕ್ಕಳು ತಿಂದು ಪರೀಕ್ಷಿಸಬಾರದು.

2002ರ ಜೈವಿಕ ವೈವಿಧ್ಯ ಕಾಯ್ದೆಯ ಪ್ರಕಾರ ಪಂಚಾಯತಿ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನರೊಂದಿಗೆ ಸೇರಿ ಊರಿನ ಜೀವವೈವಿಧ್ಯ ದಾಖಲಾತಿ ಮಾಡಬೇಕು. ನಿಮ್ಮ ಪಂಚಾಯತಿಯಲ್ಲಿ ಈ ದಾಖಲೆ ಇದೆಯೇ ಎಂದು ಕೇಳಿ ನೋಡಿ. ಮಕ್ಕಳ ಪಟ್ಟಿಯ ಒಂದು ಪ್ರತಿಯನ್ನು ಅಲ್ಲಿಗೂ ಕೊಡಿ. ನೀರು ಇಂಗಿದ ಲೆಕ್ಕವನ್ನು ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ಓದಲಿ. ಊರಿನ ಹಳ್ಳದ ಬಗ್ಗೆ ಗಡಿಯಾರ ಹಿಡಿದು ಅಳೆದು ಬಂದ ಮಗುವಿನ ಮಾತಿಗೆ ದೊಡ್ಡವರು ಕಿವಿ ಕೊಡಲೇಬೇಕಾಗುತ್ತದೆ.

ಚರ್ಚೆಗೆ ಪ್ರಶ್ನೆಗಳು

1. ನಮ್ಮ ಚೌಕದಲ್ಲಿ ಒಂದೇ ಒಂದು ಸಿಕ್ಕ ಗಿಡ ಯಾವುದು? ಅದು ಹೋದರೆ ಯಾರಿಗೆ ತೊಂದರೆ?
2. ಮಂಗಟ್ಟೆ ಇಲ್ಲದ ಕಾನು ಐವತ್ತು ವರ್ಷದ ನಂತರ ಹೇಗಿರಬಹುದು?
3. ನಮ್ಮ ಕೇರಿಯ ನೀರು ಎಲ್ಲಿಂದ ಬರುತ್ತದೆ? ಅದರ ಮೇಲ್ಭಾಗದಲ್ಲಿ ಈಗ ಏನಿದೆ?
4. ಕಾನಿನಿಂದ ನಮ್ಮ ಮನೆಗೆ ಬರುವ ವಸ್ತುಗಳು ಯಾವುವು? ನಾವು ಕಾನಿಗೆ ಏನು ಕೊಡುತ್ತೇವೆ?

ನಂಬಿಕೆಯ ಬೆಳಕಿನಲ್ಲಿ

ದೇವರು ಮನುಷ್ಯನನ್ನು ತೋಟದಲ್ಲಿಟ್ಟದ್ದು ಅದನ್ನು ವ್ಯವಸಾಯ ಮಾಡುವುದಕ್ಕೂ ಕಾಯುವುದಕ್ಕೂ ಎಂದು ಆದಿಕಾಂಡದ ಎರಡನೇ ಅಧ್ಯಾಯ ತಿಳಿಸುತ್ತದೆ. ವ್ಯವಸಾಯ ನಮಗೆ ಚೆನ್ನಾಗಿ ಗೊತ್ತು. ಕಾಯುವ ಅರ್ಧ ಬಾಕಿ ಇದೆ. ಅಸ್ಸಿಸಿಯ ಸಂತ ಫ್ರಾನ್ಸಿಸರನ್ನು ಪೋಪ್ ಎರಡನೇ ಜಾನ್ ಪಾಲ್ 1979ರಲ್ಲಿ ಪರಿಸರದ ಪಾಲಕ ಸಂತರೆಂದು ಘೋಷಿಸಿದರು. ಪೋಪ್ ಫ್ರಾನ್ಸಿಸ್ 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಭೂಮಿಯ ಅಳಲನ್ನೂ ಬಡವರ ಅಳಲನ್ನೂ ಬೇರೆ ಬೇರೆ ಮಾಡಿ ನೋಡಬಾರದು ಎಂದು ತಿಳಿಸಿದರು. ಹಳ್ಳ ಬತ್ತಿದಾಗ ಮೊದಲು ಕೊಡ ಹೊತ್ತು ದೂರ ನಡೆಯುವವಳು ಬಡವರ ಮನೆಯ ಹೆಣ್ಣುಮಗಳೇ. ಇದನ್ನು ನಾವು ಪುಸ್ತಕದಿಂದ ಕಲಿಯಬೇಕಾಗಿಲ್ಲ.

ಸೆಪ್ಟೆಂಬರ್ 1ರಿಂದ ಸಂತ ಫ್ರಾನ್ಸಿಸರ ಹಬ್ಬವಾದ ಅಕ್ಟೋಬರ್ 4ರವರೆಗೆ ಸೃಷ್ಟಿಗಾಗಿ ಪ್ರಾರ್ಥಿಸುವ ಕಾಲ. ಆ ದಿನಗಳಲ್ಲಿ ಅನುಮತಿ, ಸಾಮಾನು, ಜಾಗ ಎಲ್ಲ ಸಿದ್ಧ ಮಾಡಿಕೊಂಡು, ಹಬ್ಬ ಕಳೆದ ಮೇಲಿನ ಒಂದು ಶನಿವಾರ ಮಕ್ಕಳನ್ನು ಕಾನಿಗೆ ಕರೆದುಕೊಂಡು ಹೋಗಿ. ಎಲ್ಲ ಚಟುವಟಿಕೆ ಒಂದೇ ದಿನ ಮುಗಿಯದಿದ್ದರೆ ಎರಡನ್ನೇ ಮಾಡಿ. ಅದೇ ಚೌಕವನ್ನು ಮುಂದಿನ ವರ್ಷ ಮತ್ತೆ ನೋಡಿ, ಸಸಿಗಳು ಎಷ್ಟು ಎತ್ತರವಾಗಿವೆ ಎಂದು ಅಳೆಯಿರಿ. ಈ ವರ್ಷ 5ನೇ ತರಗತಿಯಲ್ಲಿರುವ ಮಗು 9ನೇ ತರಗತಿಗೆ ಬರುವ ಹೊತ್ತಿಗೆ ತನ್ನ ಊರಿನ ಒಂದು ತುಂಡು ಕಾನಿನ ಐದು ವರ್ಷದ ಲೆಕ್ಕ ಅದರ ಕೈಯಲ್ಲಿರುತ್ತದೆ.